ಚೀಟಿಯಲ್ಲಿದ್ದ ಬೀರೇಶ

ರಾಯಚೂರು
12 ಫೆಬ್ರುವರಿ 2025

ಮುನಿಸಿಕೊಂಡ ತಮ್ಮ ಬೀರೇಶನಿಗೆ, ಮುನಿಸಿಗೆ ತಕ್ಕವನಾದ ಅಣ್ಣನ ಪ್ರೀತಿ.

ಮೊದಲು ತಪ್ಪೊಪ್ಪಿಗೆ. ನಿನ್ನ ಮದುವೆಯ ಮಾತು ಮುರಿದ ದಿನ ಹೆಣ್ಣಿನ ಕಡೆಯ ಕಲ್ಲೂರಿನವರು ಸೀರೆಯ ಜೊತೆ ಹಿಂದಿರುಗಿಸಿದ ಬೂಂದಿ ಲಾಡುಗಳನ್ನು, ಹನ್ನೊಂದನ್ನೂ, ನಾನೊಬ್ಬನೇ ತಿಂದೆ. ಶಿಕ್ಷೆಯನ್ನು ಹೊಟ್ಟೆಯೇ ವಿಧಿಸಿತು. ನಿನ್ನ ಆರೋಗ್ಯ ಹೇಗಿದೆ? ಕೊಪ್ಪಳದ ನೀರು ಒಗ್ಗಿತೇ? ಶಾಲೆಯ ಮಕ್ಕಳು ಮಾತು ಕೇಳುತ್ತಾರೋ, ಇಲ್ಲ ನಿನ್ನಂತೆಯೇ ಅಣ್ಣನ ಫೋನು ಬ್ಲಾಕ್ ಮಾಡುವ ಜಾತಿಯೋ?

ಹುಡುಗಿ ಲಲಿತಾಳ ಸೋದರಮಾವ ಸಿದ್ದರಾಮಪ್ಪ ಅಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಿಮ್ಮ ಬೀರೇಶ ಮನಸ್ಸಿನ ಡಾಕ್ಟರ್ ಕಡಿ ಗುಳಿಗಿ ತಗೊಳ್ಳಾಕತ್ತಾನ್ರಿ. ನಮ್ಮ ಅಳಿಯ ಆ ದವಾಖಾನ್ಯಾಗ ಚೀಟಿ ಬರೀತಾನ, ಹೆಸರು ನೋಡ್ಯಾನ." ನೀನು "ಯವ್ವನ ಆಣಿ, ಆ ದವಾಖಾನಿ ಮೆಟ್ಲಾ ಸೈತ ಹತ್ತಿಲ್ಲ" ಎಂದೆ. ಆಣೆಗೆ ಒಳಗಾದ ಯವ್ವನೇ ನಂಬಲಿಲ್ಲ. ಪ್ರಾಣಿಶಾಸ್ತ್ರದ ಲೆಕ್ಚರರ್ ಆದ ನಾನು ಎಲ್ಲರೆದುರು, "ಒಪ್ಕೊಂಡ್ಬಿಡಲೇ, ಇದ್ರಾಗ ನಾಚಿಗಿ ಏನದ?" ಎಂದೆ. ಅಂದೇ ನೀನು ಚೀಲ ಹೊತ್ತು ನಡೆದೆ.

ಯವ್ವ ನಂಬದಿರುವುದಕ್ಕೆ ಕಾರಣವಿತ್ತು. ಅಪ್ಪ ಮಸರಕಲ್ಲಿನ ಮನೆಯಲ್ಲಿ ಎರಡೆರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಆಮೇಲೊಂದು ಬೆಳಗ್ಗೆ ಎದ್ದು ಅರವತ್ತು ಕುರಿ ಹೊಡೆದುಕೊಂಡು, ಕೂಗಿ ಹಾಡುತ್ತ, ದೇವಸುಗೂರಿಗೆ ಹೊರಡುತ್ತಿದ್ದ. ಊರವರು ದೆವ್ವ ಎಂದರು. ಸೋದರತ್ತೆ ಮುದುಕಮ್ಮನಿಗೂ ಅದೇ ದೆವ್ವ. ಮನೆಯವನೇ ಆದ ಆ ದೆವ್ವಕ್ಕೆ ನಮ್ಮ ರೇಷನ್ ಕಾರ್ಡಿನಲ್ಲಿ ಹೆಸರಿರಲಿಲ್ಲ ಅಷ್ಟೇ. ನಾನು ತರಗತಿಯಲ್ಲಿ ಹೇಳುವುದು ಬೇರೆ: ಇಂಥ ಕಾಯಿಲೆಗೆ ಒಂದೇ ಒಂದು ಕೆಟ್ಟ ಜೀನ್ ಕಾರಣವಲ್ಲ, ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಚೂರು ಚೂರೇ ಅದರತ್ತ ವಾಲಿಸುತ್ತವೆ. ಮೆದುಳಿನಲ್ಲಿ ಸುದ್ದಿ ಒಯ್ಯುವ ರಾಸಾಯನಿಕಗಳ ಲಯ ಕೆಲವರಲ್ಲಿ ಬೇಗ ತಪ್ಪುತ್ತದೆ. ಬಂದೇ ತೀರುತ್ತದೆ ಎಂದಲ್ಲ, ಬಂದರೆ ಔಷಧವಿದೆ. ಒಂದೇ ತಂದೆಯ ಮಕ್ಕಳಿಗೂ ಪಾಲು ಸಮನಾಗಿ ಬರುವುದಿಲ್ಲ, ಈ ಆಸ್ತಿ ಹಂಚಲು ತಹಶೀಲ್ದಾರರಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಮನೋರೋಗವನ್ನು ಮನೆರೋಗ ಮಾಡಿದವರು ನಾವೇ. ನಾನಂತೂ ಮುಚ್ಚುವವನಲ್ಲ. ನನಗೇನಾದರೂ ಬಂದಿದ್ದರೆ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೆ.

ಸುದ್ದಿಯೆಂದರೆ, ಲಲಿತಾ ಯವ್ವನಿಗೆ ಫೋನು ಮಾಡಿದ್ದಳು. "ಗುಳಿಗಿ ತಗೊಂಡ್ರ ತಗೊಳ್ಳಲಿ ಬಿಡ್ರಿ ಅತ್ತಿ. ನನ್ನ ಮುಂದ ಸುಳ್ಳು ಹೇಳಿದ್ದು ಸೇರಲಿಲ್ಲ" ಎಂದಳಂತೆ. ಇದೇ ತಿಂಗಳ ಇಪ್ಪತ್ತನಾಲ್ಕಕ್ಕೆ ಅವಳನ್ನು ನೋಡಲು ದೇವದುರ್ಗದಿಂದ ಬೇರೆ ಗಂಡಿನವರು ಬರುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಯವ್ವನ ಮೇಲೆ ಸಿಟ್ಟು ಬೇಡ, ಇದ್ದದ್ದೆಲ್ಲ ನನಗಿರಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಉಮೇಶ

ಮರೆತ ಮಾತು: ಮರೆತಿರಲಿಲ್ಲ. ಆ ಚೀಟಿಯಲ್ಲಿದ್ದ ಬೀರೇಶ ನಾನು. ಶ್ರಾವಣದಿಂದ ನನಗೆ ಹಾಸಿಗೆ ಬಿಟ್ಟೇಳಲು ಆಗುತ್ತಿರಲಿಲ್ಲ. ದವಾಖಾನೆಯ ಕಿಟಕಿಯಲ್ಲಿ ಹೆಸರು ಕೇಳಿದಾಗ ಪಕ್ಕದ ಬೆಂಚಿನ ಮೇಲೆ ನಮ್ಮ ಪ್ರಿನ್ಸಿಪಾಲರ ಹೆಂಡತಿ ಕೂತಿದ್ದರು, ಬಾಯಿಗೆ ನಿನ್ನ ಹೆಸರು ಬಂತು. ವಯಸ್ಸು ಮಾತ್ರ ನನ್ನದೇ ಬರೆಸಿದೆ, ನಲವತ್ತೊಂದು. ಅದನ್ನು ಯಾರೂ ನೋಡಲಿಲ್ಲ. ಚೀಟಿಯನ್ನು ಈ ಲಕೋಟೆಯ ಒಳಗಿಟ್ಟಿದ್ದೇನೆ, ಇಪ್ಪತ್ತನಾಲ್ಕರೊಳಗೆ ಲಲಿತಾಗೆ ತೋರಿಸು. ನಾನೇ ಹೋಗಿ ಹೇಳಬೇಕೆಂದು ಎರಡು ಸಲ ಬಸ್ ಹತ್ತಿದೆ. ಎರಡು ಸಲವೂ ಕಲ್ಲೂರು ಬಂದಾಗ ಇಳಿಯದೆ, ಮಾನ್ವಿಯವರೆಗೆ ಹೋಗಿ, ಚಹಾ ಕುಡಿದು ವಾಪಸ್ ಬಂದೆ.