ವಿಮರ್ಶೆಗೆ ಅಂಕವಿಲ್ಲವೆಂದು ಪುಟ ಕಿತ್ತುಕೊಂಡವರಿಗೆ

ಮಾನ್ಯ ಸಂಪಾದಕರೇ,

ನಿಮ್ಮ ಸಂಶೋಧನಾ ಪತ್ರಿಕೆ ಪುಸ್ತಕ ವಿಮರ್ಶೆಯ ವಿಭಾಗವನ್ನು ಮುಚ್ಚಿದೆ. ‘ಅಧ್ಯಾಪಕರ ಬಡ್ತಿಗೆ ವಿಮರ್ಶೆಯಿಂದ ಅಂಕ ಸಿಗದು, ಆದ್ದರಿಂದ ಪುಟವೂ ಇಲ್ಲ’ ಎಂದು ಬರೆದು ನನ್ನ ಬರಹವನ್ನು ಹಿಂದಿರುಗಿಸಿದ್ದೀರಿ. ಎಂಥ ಸೊಗಸಾದ ತರ್ಕ! ಹಾಗಾದರೆ ವಿದ್ವಾಂಸರೆಲ್ಲ ಬರೆಯುತ್ತಲೇ ಇರಲಿ, ಒಬ್ಬರದನ್ನೊಬ್ಬರು ಓದುವುದು ಬೇಡ ಎಂದೇ?

ನಾನು ವಿಮರ್ಶಿಸಿದ ಪುಸ್ತಕ ಬರೆದವರು ಶಹಾಬಾದಿನ ಜೈತುನ್ಬೀ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿದವರ ಮಗಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಗಣಿಯವರ ಬಾಯಲ್ಲಿದ್ದ ಮಾತುಗಳನ್ನು ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಪದಕೋಶ ಮಾಡಿದರು. ಯಂತ್ರ ಬಂದ ಮೇಲೆ ಆ ಮಾತು ಆಡುವವರೇ ವಿರಳ. ಪುಸ್ತಕ ಬಂದು ಮೂರು ವರ್ಷವಾದರೂ ಯಾರೂ ಅದರ ಬಗ್ಗೆ ಒಂದು ಸಾಲು ಬರೆಯಲಿಲ್ಲ.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಆರು ತಿಂಗಳು ಕೂತು ಓದಿದೆ, ವಾಡಿಯ ಹಳೆಯ ಕಲ್ಲುಕೆಲಸದವರನ್ನು ಕೇಳಿ ತಾಳೆ ನೋಡಿದೆ. ಹದಿನೇಳು ತಪ್ಪು ಸಿಕ್ಕವು. ಅಂಜುತ್ತಲೇ ಜೈತುನ್ಬೀ ಅವರ ಮನೆಗೆ ಹೋಗಿ ನನ್ನ ವಿಮರ್ಶೆಯನ್ನು ಓದಿ ಹೇಳಿದೆ. ಅವರ ಕಣ್ಣು ತುಂಬಿ ಬಂತು.

“ಮೇಡಂ, ತಪ್ಪು ಹಿಡದೀರಂದ್ರ ಪೂರಾ ಓದೀರಿ. ಎಲ್ಲಾರೂ ಶಾಲು ಹೊಚ್ಚಿದ್ರು, ಪುಸ್ತಕ ಯಾರೂ ಬಿಚ್ಚಲಿಲ್ಲ. ಹಂಗೇ ಛಾಪಸ್ರಿ,” ಎಂದು ಅಚ್ಚು ಮಾಡಿಸಲು ಒಪ್ಪಿದರು.

ಮೂರು ಸಲ ಬಸ್ಸು ಹಿಡಿದು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಹಾಯಕರು ದಾರಿಯನ್ನೂ ತೋರಿಸಿದರು: “ಆ ಪುಸ್ತಕದ ಹೆಸರು ತಗೀರಿ, ನಿಮ್ಮದೇ ಲೇಖನ ಮಾಡ್ರಿ. ತಗೋತೀವಿ.” ದುಡಿಮೆ ಆಕೆಯದು, ಬಡ್ತಿ ನನ್ನದು! ಇದನ್ನು ನಿಮ್ಮಲ್ಲಿ ಸಂಶೋಧನೆ ಎನ್ನುತ್ತಾರೆಯೇ? ನಮ್ಮ ಕಡೆ ಕಳವು ಎನ್ನುತ್ತಾರೆ.

ಈಗ ಜೈತುನ್ಬೀ ಅವರಿಗೆ ಪಾರ್ಶ್ವವಾಯು. ಬಲಗೈ ಏಳದು, ಮಾತು ತೊದಲುತ್ತದೆ. ಕಳೆದ ವಾರ ಆಸ್ಪತ್ರೆಯಲ್ಲಿ ನನ್ನ ಸೆರಗು ಹಿಡಿದು, “ಛಾಪ್ಯಾರೇನ್ರಿ?” ಎಂದು ಕೇಳಿದರು. ಮಗಳು ಸಾಯಿರಾ ನನ್ನ ಮುಖ ನೋಡಿದಳು.

“ಹೂಂರಿ ಅಮ್ಮಾ, ಬಂದದ,” ಎಂದುಬಿಟ್ಟೆ.

ಅವರು ನಕ್ಕರು. ಮರುದಿನದಿಂದ ಆ ಸಂಚಿಕೆ ಎಲ್ಲಿ ಎಂದು ಕೇಳುತ್ತಿದ್ದಾರೆ. ಅಂಚೆ ತಡ ಎಂದೆ. ಪ್ರತಿಗಳು ಮುಗಿದಿವೆ ಎಂದೆ. “ಖರೇ ಹೇಳ್ರಿ ಮೇಡಂ, ಓದಿ ಹೇಳಿದ್ದಕ್ಕಿಂತ ಭಾಳ ಬೈದೀರೇನು ಅದರಾಗ? ಅದಕ್ಕ ತೋರಸವಲ್ರೇನು?” ಎಂದು ಸಾಯಿರಾ ನಿನ್ನೆ ನನ್ನನ್ನು ಬಾಗಿಲ ಹೊರಗೆ ಕರೆದು ಕೇಳಿದಳು.

ನನಗೆ ಅಂಕ ಬೇಡ. ಮುಚ್ಚಿದ ವಿಭಾಗವನ್ನು ತೆರೆಯಿರಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕೊಡಿ. ಆಗದಿದ್ದರೆ ನೀವೇ ಬನ್ನಿ. ಆ ಮಂಚದ ಪಕ್ಕ ಕೂತು, ‘ನಿಮ್ಮ ಪುಸ್ತಕ ಓದಿ ಬರೆದದ್ದಕ್ಕೆ ನಮ್ಮಲ್ಲಿ ಜಾಗವಿಲ್ಲ’ ಎಂದು ಅವರಿಗೆ ಹೇಳಿ. ನನ್ನಿಂದಾಗದು.

ಇಂತಿ,
ಸುಳ್ಳು ಹೇಳಿ ಸಿಕ್ಕಿಬಿದ್ದಿರುವ
ಶಿವರಂಜನಿ, ಚಿತ್ತಾಪುರ