ಕಿಟಕಿ ಕಡೆಯ ಜಾಗ

ಮಂಗಳವಾರ, ಹನ್ನೆರಡನೇ ತಾರೀಖು

ಇವತ್ತಿನ ಮನೆಯೂ ಚೆನ್ನಾಗಿಯೇ ಇತ್ತು. ಆದರೂ ಬ್ರೋಕರ್‌ಗೆ ಹೂಂ ಅನ್ನಲು ಬಾಯಿ ಬರಲಿಲ್ಲ.

ಬಾಡಿಗೆ ಮನೆ ನೋಡುವಾಗ ನಮ್ಮದೊಂದು ಪದ್ಧತಿ ಇತ್ತು. ಟೇಪು ಗೀಪು ಏನಿಲ್ಲ. ಮಲಗುವ ಕೋಣೆಯ ಬರಿ ನೆಲದ ಮೇಲೆ ನಾನೂ ತಂಗಿಯೂ ಉದ್ದಕ್ಕೆ ಮಲಗುವುದು, ಅವಳು ಕೈ ಮೇಲೆತ್ತಿ ಒಂದು ಫೋಟೋ ತೆಗೆಯುವುದು. ನಾವಿಬ್ಬರು ಹಿಡಿಸಿದರೆ ಮಂಚವೂ ಹಿಡಿಸಿದ ಹಾಗೆ. ಹೋದ ವರ್ಷ ಅವಳು ಮದುವೆಯಾಗಿ ಹೋದಳು. ಈ ಮನೆ ಒಬ್ಬಳಿಗೆ ದೊಡ್ಡದಾಯಿತು ಅಂತ ಚಿಕ್ಕದೊಂದನ್ನು ಹುಡುಕುತ್ತಿದ್ದೇನೆ.

ಇವತ್ತು ಅಭ್ಯಾಸಬಲ, ಫೋನನ್ನು ಬ್ರೋಕರ್ ಕೈಗೆ ಕೊಟ್ಟು ಮಲಗಿಯೇಬಿಟ್ಟೆ. ಪಾಪ, ಗಾಬರಿಯಾದ.

"ಮೇಡಂ, ತಲೆ ಸುತ್ತು ಬಂತಾ? ನೀರು ತರ್ಲಾ?"

"ಏನಿಲ್ಲ, ಅಳತೆ ನೋಡ್ತಿದೀನಿ. ಒಂದು ಫೋಟೋ ತೆಗೀರಿ."

ತೆಗೆದ. ಇಂಥ ಎಷ್ಟು ಹುಚ್ಚರನ್ನು ನೋಡಿದ್ದಾನೋ.

ಮನೆಗೆ ಬಂದು ಆ ಫೋಟೋ ನೋಡಿದೆ. ಇಡೀ ಕೋಣೆ ಖಾಲಿ, ನಾನು ಮಾತ್ರ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದೇನೆ. ಕಿಟಕಿ ಕಡೆಯ ಜಾಗ ಪೂರ್ತಿ ಬಿಟ್ಟಿದ್ದೇನೆ. ಅದು ತಂಗಿಯದು, ಚಿಕ್ಕಂದಿನಲ್ಲೇ ಅತ್ತು ಗಿಟ್ಟಿಸಿಕೊಂಡದ್ದು.

ಅವಳಿಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಅಕ್ಕ, ಇನ್ನಾದ್ರೂ ನೀನು ಕಿಟಕಿ ಕಡೆ ಮಲ್ಕೋ" ಅಂದಳು. ಆಮೇಲೆ ಮೆಲ್ಲಗೆ, "ಇಲ್ಲಿ ನಂಗೆ ಗೋಡೆ ಕಡೇನೇ ಸಿಕ್ಕಿರೋದು."

ಮಂಚದ ಮೇಲೆ ಕೂತು ಇದನ್ನು ಬರೆಯುತ್ತಾ ಕಿಟಕಿ ಕಡೆಗೆ ಸರಿದು ನೋಡಿದೆ. ಹಾಸಿಗೆ ತಣ್ಣಗಿದೆ. ನಾಳೆ ಬ್ರೋಕರ್‌ಗೆ ಹೇಳಬೇಕು, ಎರಡೂ ಕಡೆ ಕಿಟಕಿ ಇರುವ ಕೋಣೆ ಎಲ್ಲಾದರೂ ಇದ್ದರೆ ತೋರಿಸಿ ಅಂತ. ಅವಳು ಬಂದಾಗ ಇಬ್ಬರಿಗೂ ಕಿಟಕಿ ಕಡೆಯೇ ಸಿಗಲಿ.