ಅಕ್ಕನ ತಪ್ಪಲ್ಲ

ಅಪ್ಪನಿಗೆ ನಮಸ್ಕಾರ.

ನೀವು ಲಾಂಡ್ರಿಯವರು ಬರೆದುಕೊಟ್ಟ ಸುಳ್ಳಿಗೆ ಸಹಿ ಹಾಕಿದ್ದೀರಿ. ಬಟ್ಟೆ ಇಸ್ತ್ರಿ ಮಾಡುವ ರೋಲರ್ ಅಕ್ಕನನ್ನು ಎಳೆದುಕೊಂಡದ್ದು ಅವಳ ಅಜಾಗರೂಕತೆಯಿಂದಲ್ಲ. ಕೈ ಒಳಗೆ ಹೋಗದಂತೆ ತಡೆಯುವ ಸರಳು ಅಡ್ಡವಿದ್ದರೆ ಕೆಲಸ ನಿಧಾನವಾಗುತ್ತದೆ ಎಂದು, ಅದನ್ನು ಹಳೆಯ ಬೆಡ್‌ಶೀಟಿನ ಚೂರಿನಿಂದ ಮೇಲೆತ್ತಿ ಕಟ್ಟಿಸಿದವನು ಮ್ಯಾನೇಜರ್. ತಂಗಿಯ ಕೆಲಸವಾದರೂ ಉಳಿಯಲಿ ಎಂದು ಸಹಿ ಹಾಕಿದಿರಿ, ಬಲ್ಲೆ. ಅವಳೀಗ ಅದೇ ಯಂತ್ರದ ಮುಂದೆ ನಿಂತಿದ್ದಾಳೆ. ಸರಳು ಇನ್ನೂ ಮೇಲೆಯೇ ಇದೆ.

ಲಾಂಡ್ರಿಯ ಗೇಟಿನಲ್ಲಿ ಹಂಚಲು ಕರಪತ್ರ ಬರೆಯುತ್ತಿದ್ದೇನೆ. 'ಹುತಾತ್ಮೆ' ಎಂದು ಬರೆದಾಗಲೆಲ್ಲ ಅಕ್ಕ ಬೆನ್ನ ಹಿಂದೆ ನಿಂತು, "ಸಾಕು ಮಾಡೋ ನಿನ್ನ ಭಾಷಣ, ಮೊದಲು ತಿಂದ ತಟ್ಟೆ ತೊಳಿ" ಎಂದಂತಾಗುತ್ತದೆ. ಆ ಪದವನ್ನು ಹೊಡೆದುಹಾಕುತ್ತೇನೆ. ಕೊನೆಗೆ ಉಳಿದದ್ದು "ನನ್ನ ಅಕ್ಕ ಸತ್ತಳು" ಎಂಬ ಒಂದೇ ಸಾಲು. ಅದನ್ನು ಬರೆದ ಮೇಲೆಯೇ ಅವಳು ಇನ್ನಿಲ್ಲ ಎಂಬುದು ನನಗೆ ನಾಟಿದ್ದು. ಮುಂದಿನ ಸಾಲು ನನ್ನ ಬಳಿ ಇಲ್ಲ. ಆಸ್ಪತ್ರೆಯಲ್ಲಿ ಕೊನೆಯವರೆಗೆ ಅವಳ ಪಕ್ಕದಲ್ಲಿದ್ದವರು ನೀವೊಬ್ಬರೇ. ಅವಳು ಏನು ಕೇಳಿದಳು? ಬರೀ ನೀರು ಕೇಳಿದ್ದರೂ ಹೇಳಿ, ಅದನ್ನೇ ಬರೆಯುತ್ತೇನೆ.

ಅಮ್ಮನಿಗೆ ಈ ಕಾಗದ ಓದಿ ಹೇಳಬೇಡಿ.

ಸಹಿ ಹಿಂತೆಗೆದುಕೊಳ್ಳಲು ನೀವೇ ಬರಬೇಕಂತೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಇಲಾಖೆಯ ಬಾಗಿಲಲ್ಲಿ ಕಾಯುತ್ತೇನೆ. ತಂಗಿಯನ್ನು ಅಂದು ಕೆಲಸಕ್ಕೆ ಕಳಿಸದೆ, ಜೊತೆಗೆ ಕರೆದುಕೊಂಡು ಬನ್ನಿ.

ನಿಮ್ಮ ಮಗ